ಮುಂಬಯಿ ಪಾಲಿಕೆಯ ಆಯುಕ್ತರಿಗೆ ಬಹಿರಂಗ ಪತ್ರ: ‘ಚಕ್ಕರ್’ ಎಂದು ಬರೆದು ಕಳಿಸಬೇಡಿ

ಮಾನ್ಯ ಆಯುಕ್ತರೇ,

ಮಾಟುಂಗಾ, ಸಯನ್, ವಡಾಲಾ ಕಡೆಯ ವಯಸ್ಸಾದ ಕನ್ನಡಿಗರು ದವಾಖಾನೆಗೆ ಬಂದು ಹೇಳುವ ಮಾತು ಮೂರು ಥರ. ‘ಎದ್ದು ನಿಂತರೆ ಕಣ್ಣು ಕತ್ತಲೆ ಬರ್ತದೆ.’ ‘ಮಗ್ಗುಲು ಬದಲಿಸಿದರೆ ಮನೆಯೇ ಗಿರಗಿರ ತಿರುಗ್ತದೆ.’ ‘ತಲೆಗೇನೂ ಆಗಿಲ್ಲ, ಕಾಲೇ ನಿಲ್ಲೋದಿಲ್ಲ.’ ಹಿಂದಿಗೋ ಮರಾಠಿಗೋ ತಿರುಗಿಸುವಾಗ ಮೂರೂ ‘ಚಕ್ಕರ್’ (ತಲೆಸುತ್ತು) ಆಗುತ್ತವೆ. ಕೇಸ್ ಪೇಪರಿನಲ್ಲಿ ಒಂದೇ ಪದ, ಕೈಗೆ ಒಂದೇ ಮಾತ್ರೆ. ಆಮೇಲೆ ಒಂದು ದಿನ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ‘ವಯಸ್ಸಾಯ್ತು’ ಎನ್ನುತ್ತೇವೆ.

ಮೂರಕ್ಕೂ ಕಾರಣ ಬೇರೆ ಬೇರೆ. ಕಣ್ಣು ಕತ್ತಲೆ ಬರುವುದು ಹೆಚ್ಚಾಗಿ ನಿಂತಾಗ ಬಿಪಿ ಇಳಿಯುವುದರಿಂದ. ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಒಟ್ಟು ಸೇರಿದರೆ ಇದು ಸುಲಭವಾಗಿ ಆಗುತ್ತದೆ. ಕೂರಿಸಿ ಬಿಪಿ ನೋಡಿದರೆ ಗೊತ್ತಾಗುವುದೇ ಇಲ್ಲ. ಐದು ನಿಮಿಷ ಮಲಗಿಸಿ ನೋಡಬೇಕು, ಆಮೇಲೆ ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಔಷಧಿಗಳನ್ನು ವೈದ್ಯರು ಮತ್ತೆ ಕೂತು ನೋಡಲೇಬೇಕು.

ಮನೆ ತಿರುಗುವುದು ಸಾಮಾನ್ಯವಾಗಿ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರಿಂದ. ಅದಕ್ಕೆ ಮಾತ್ರೆಯಲ್ಲ, ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ತರುವ ಎಪ್ಲಿ ವಿಧಾನ ಬೇಕು. ಕೆಲವೇ ನಿಮಿಷದ ಕೆಲಸ.

ಕಾಲು ನಿಲ್ಲದವರ ಪಾದದ ನರ ಸಕ್ಕರೆ ಕಾಯಿಲೆಯಿಂದಲೋ ಬಿ12 ಕೊರತೆಯಿಂದಲೋ ಸೋತಿರಬಹುದು. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಬಿ12 ನೋಡದೆ ಬಿಡಬಾರದು. ಇವರು ಪಾದದಿಂದ ನೆಲ ತಿಳಿಯುವುದಿಲ್ಲ, ಕಣ್ಣಿನಿಂದ ತಿಳಿಯುತ್ತಾರೆ. ಅದಕ್ಕೇ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಗಳಿಗೆಯಲ್ಲಿ, ರಾತ್ರಿ ದೀಪ ಹಾಕದೆ ಮೂತ್ರಕ್ಕೆ ಎದ್ದಾಗ ಓಲಾಡುವುದು.

ಈ ಮೂವರಿಗೂ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆಗಳಾದ ಸಿನರಿಜಿನ್, ಪ್ರೊಕ್ಲೋರ್‌ಪೆರಜಿನ್ ಕೊಡುವುದೇ ನಮ್ಮನ್ನು ಹೆಚ್ಚು ಕಾಡುವ ವಿಷಯ. ವಯಸ್ಸಾದವರಲ್ಲಿ ಇವು ಪಾರ್ಕಿನ್ಸನ್ ಕಾಯಿಲೆಯಂತೆಯೇ ಮೈ ಬಿಗಿಸಿ, ಹೆಜ್ಜೆ ಕಿರಿದು ಮಾಡಬಲ್ಲವು. ಚಕ್ಕರ್ ನಿಲ್ಲಿಸಲು ಕೊಟ್ಟದ್ದೇ ಬೀಳಿಸುತ್ತದೆ. ಜೊತೆಗೆ ನಿದ್ದೆಗೆಂದು ಆಲ್‌ಪ್ರಜೋಲಾಮ್ ಇದ್ದರಂತೂ ಕೇಳುವುದೇ ಬೇಡ. (ಯಾರೂ ತಾವೇ ತಟ್ಟನೆ ಬಿಡಬಾರದು. ನಿದ್ದೆ ಮಾತ್ರೆಯನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.)

ಆದ್ದರಿಂದ ನಮ್ಮ ಕೋರಿಕೆ: ಪಾಲಿಕೆಯ ಬಡಾವಣೆ ಚಿಕಿತ್ಸಾಲಯಗಳಾದ ಪ್ರತಿ ‘ಆಪ್ಲಾ ದವಾಖಾನಾ’ದಲ್ಲೂ ಒಂದು ಗಟ್ಟಿ ಕುರ್ಚಿ, ಅದರ ಮುಂದೆ 3 ಮೀಟರ್‌ಗೆ ಬಣ್ಣದ ಗೆರೆ, ಒಂದು ಗಡಿಯಾರ ಇರಲಿ. 60 ದಾಟಿದವರು ಎದ್ದು, ಗೆರೆವರೆಗೆ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಫಿಸಿಯೋಥೆರಪಿಗೆ ಕಳಿಸಿ, ಕಣ್ಣು ತೋರಿಸಲು ಹೇಳಿ. ‘ಹೋದ ವರ್ಷ ಬಿದ್ದಿದ್ದೀರಾ?’ ಎಂದು ಅವರ ಭಾಷೆಯಲ್ಲೇ, ಮಗ-ಸೊಸೆಯ ಎದುರಲ್ಲದೆ ಕೇಳಿ. ಹೊರಗೆ ಬಿಡುವುದಿಲ್ಲವೆಂಬ ಅಂಜಿಕೆಯಿಂದ ಎಷ್ಟೋ ಹಿರಿಯರು ಬಿದ್ದದ್ದನ್ನು ಮನೆಯವರಿಗೆ ಹೇಳುವುದಿಲ್ಲ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು.

ಇನ್ನು ರಸ್ತೆ. ನಡೆಯುವಾಗ ಪಾದದ ತುದಿ ನೆಲದಿಂದ ಏಳುವುದು ಬರೀ ಒಂದೆರಡು ಸೆಂಟಿಮೀಟರ್. ಕೇಬಲ್‌ಗೆ ಅಗೆದವರು ಅಡಿಯ ಮರಳನ್ನು ಬಡಿಯದೆ ಪೇವರ್ ಬ್ಲಾಕ್ ಜೋಡಿಸಿ ಹೋದರೆ ಮೊದಲ ಮಳೆಗೆ ಮರಳು ಕೊಚ್ಚಿ, ಒಂದು ಬ್ಲಾಕ್ ತಗ್ಗಿ, ಪಕ್ಕದ್ದು ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಎಡವಲು ಅದು ಸಾಕು. ಅಗೆದವರ ಬಿಲ್ಲು ಪಾಸಾಗುವ ಮುಂಚೆ ಬ್ಲಾಕ್ ಅಲುಗುತ್ತದೆಯೇ ಎಂದು ಕಾಲಿಟ್ಟು ನೋಡಿಸಿ.

ಚಾಳುಗಳ ಸಾರ್ವಜನಿಕ ಶೌಚಾಲಯದಲ್ಲಿ ಕುಕ್ಕರುಗಾಲಿನಿಂದ ಏಳುವಾಗ ಕೈಗೆ ಸಿಗುವುದು ನಲ್ಲಿ, ಇಲ್ಲವೇ ಬಕೆಟ್ ಅಂಚು. ಎರಡೂ ಭಾರ ತಡೆಯುವುದಿಲ್ಲ. ಗಂಡಸರ, ಹೆಂಗಸರ ಕಡೆ ಒಂದೊಂದಾದರೂ ಕಮೋಡ್ ಬೇಕು, ಪಕ್ಕದಲ್ಲಿ 32ರಿಂದ 38 ಮಿ.ಮೀ. ದಪ್ಪದ ಸ್ಟೀಲ್ ಹಿಡಿಕೆ ಬೇಕು. ಟೈಲಿಗಷ್ಟೇ ಸ್ಕ್ರೂ ಹೊಡೆದರೆ ಕಿತ್ತು ಬರುತ್ತದೆ, ಹಿಂದಿನ ಇಟ್ಟಿಗೆಯೊಳಗೆ ಆ್ಯಂಕರ್ ಇಳಿಯಬೇಕು. ರಬ್ಬರ್ ಬಟ್ಟಲಿನ ಅಂಟು ಹಿಡಿಕೆ ಖಂಡಿತ ಬೇಡ.

ಮಾಟುಂಗಾ, ಸಯನ್, ವಡಾಲಾ ಸೇರಿದ ಎಫ್-ಉತ್ತರ ವಾರ್ಡಿನಿಂದಲೇ ಶುರು ಮಾಡಿ. ಪ್ರಶ್ನೆಗಳನ್ನು ಕನ್ನಡದಲ್ಲೂ ತುಳುವಿನಲ್ಲೂ ಬರೆದುಕೊಡಲು, ಸಿಬ್ಬಂದಿಗೆ ನಿಂತ ಬಿಪಿ ನೋಡುವುದನ್ನು ತೋರಿಸಿಕೊಡಲು ನಾವು ಸಿದ್ಧರಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಕೊಡಿ.

ಇಂತು,
ಮುಂಬಯಿಯ ಕನ್ನಡಿಗ ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್‌ಗಳು