ಕಾಡು ಕುದುರೆ ಹಾಡುವ ಮುಂಚೆ

ಪ್ರೀತಿಯ ಪುಟ್ಟಿ,

ನಿಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡ್ತೀನಿ ಅಂದೆಯಲ್ಲ, ಖುಷಿಯಾಯಿತು. ಅದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣ ಅಂದರೆ ಸಿನಿಮಾದಲ್ಲಿ ಎಲ್ಲರೂ ಇದೊಂದೇ ಹಾಡು ಹೇಳ್ತಾರಲ್ಲ ಯಾಕೆ ಅಂತಲೂ ಕೇಳಿದೆ. ಆಗ ಕುಕ್ಕರ್ ಕೂಗುತ್ತಿತ್ತು, ಸರಿಯಾಗಿ ಹೇಳಲು ಆಗಲಿಲ್ಲ.

ಅವರು ಸಿನಿಮಾದವರಲ್ಲ ಕಣೇ. 1938ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಲ್ಲಿ ಹುಟ್ಟಿದವರು. ಓದಿದ್ದು ಕಾನೂನು, ಮಾಡಿದ್ದು ವಕೀಲಿಕೆ. ಹಾಡಿದ್ದು ಜಾಸ್ತಿ ಕವಿತೆಗಳನ್ನೇ. ‘ಬಾರಿಸು ಕನ್ನಡ ಡಿಂಡಿಮವ’ ಅಂದರೆ ನಮ್ಮ ಕಾಲದವರ ಕಿವಿಗೆ ಬರುವುದು ಅವರ ದನಿಯೇ. ಅಂಥವರಿಂದ ಚಂದ್ರಶೇಖರ ಕಂಬಾರರು ತಮ್ಮ ‘ಕಾಡು ಕುದುರೆ’ ಸಿನಿಮಾಕ್ಕೆ ಹಾಡಿಸಿದರು. ಹಾಡು ಬರೆದವರೂ ಕಂಬಾರರೇ, ನಿರ್ದೇಶನವೂ ಅವರದೇ. 1978ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಸುಬ್ಬಣ್ಣನವರಿಗೆ ಬಂತು.

ಆ ಪ್ರಶಸ್ತಿಯ ಪಟ್ಟಿ ನೋಡಬೇಕು ನೀನು. ಹಿಂದಿನ ವರ್ಷ ಮಹಮ್ಮದ್ ರಫಿ. ಮುಂದಿನ ವರ್ಷ ‘ಶಂಕರಾಭರಣಂ’ಗೆ ಎಸ್‌ಪಿಬಿ. ಇಬ್ಬರ ನಡುವೆ ಕರಿ ಕೋಟಿನ ನಮ್ಮ ವಕೀಲರು! ಕನ್ನಡ ಸಿನಿಮಾಕ್ಕೆ ಹಾಡಿ ಅದಕ್ಕೂ ಮೊದಲೇ ಈ ಪ್ರಶಸ್ತಿ ಪಡೆದವರು ‘ಹಂಸಗೀತೆ’ಯ ಬಾಲಮುರಳಿಕೃಷ್ಣ. ಆದರೆ ಅವರು ಆಂಧ್ರದವರು. ಕನ್ನಡಿಗ ಗಾಯಕರಲ್ಲಿ ಸುಬ್ಬಣ್ಣನವರೇ ಮೊದಲಿಗರು.

ಹಾಡಿನ ಮಾತು ಕಂಬಾರರ ಬೆಳಗಾವಿ ಕಡೆಯದು, ಹಾಡಿದವರು ಮಲೆನಾಡಿನವರು. ಆದರೂ ಬೇರೆ ಸೀಮೆಯ ಮಾತನ್ನು ಎರವಲು ತಂದ ಹಾಗೆ ಕೇಳಿಸುವುದಿಲ್ಲ, ಅಲ್ವಾ? ದನಿಗೆ ನಯ ಹಚ್ಚುವ ಗೋಜಿಗೇ ಅವರು ಹೋಗಿಲ್ಲ. ‘ಬಂದಿತ್ತಾ’ ಅನ್ನುವಾಗ ಗಂಟಲು ಪೂರ್ತಿ ಬಿಚ್ಚುತ್ತಾರೆ. ಈಗ ಟಿವಿಯಲ್ಲಿ ಇದನ್ನು ಹಾಡುವ ಮಕ್ಕಳು ಒಂದೇ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಸಂಗತಿ ಮೇಲೆ ಸಂಗತಿ ಹಾಕಿ, ಕಾಡು ಕುದುರೆಯನ್ನು ಮದುವೆ ದಿಬ್ಬಣದ ಕುದುರೆ ಮಾಡಿಬಿಡುತ್ತಾರೆ. ನೀನು ಹಾಗೆ ಮಾಡಬೇಡ.

ಸಿನಿಮಾ ಹಾಡು ಇನ್ನಷ್ಟು ಸಿಗಬೇಕಿತ್ತು ಅಂತ ಮರುಗುವವರಿದ್ದಾರೆ. ನನಗೆ ಹಾಗನಿಸಿಲ್ಲ. ಶಿಶುನಾಳ ಶರೀಫರ ‘ಅಳಬೇಡ ತಂಗಿ ಅಳಬೇಡ’ವನ್ನು ಸಿ. ಅಶ್ವತ್ಥ್ ರಾಗದಲ್ಲಿ ಇವರು ಹಾಡಿದ್ದು ಮನೆಮನೆ ಸೇರಿತಲ್ಲ, ಅದಕ್ಕೆ ಯಾವ ಸಿನಿಮಾ ಬೇಕಿತ್ತು? ನಿನ್ನ ಮದುವೆಯಲ್ಲಿ ಹೆಣ್ಣು ಕಳಿಸುವಾಗ ಅದನ್ನೇ ಹಾಕಿ ಎಲ್ಲರನ್ನೂ ಅಳಿಸಿದರು. ಅದು ಜೀವ ದೇಹ ಬಿಟ್ಟು ಹೋಗುವುದರ ತತ್ವಪದ ಅಂತ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನಿಮ್ಮಪ್ಪನಿಗೆ ಹೊಳೆದಿತ್ತು, ಸುಮ್ನಿದ್ದರು!

2022ರ ಆಗಸ್ಟ್‌ನಲ್ಲಿ ಸುಬ್ಬಣ್ಣ ತೀರಿಕೊಂಡರು. 83 ವರ್ಷವಾಗಿತ್ತು. ಅವತ್ತು ಟಿವಿ ಹಾಕಿದಾಗಲೆಲ್ಲ ಕಾಡು ಕುದುರೆಯೇ. ಒಂದೆರಡು ಕವಿತೆಯನ್ನೂ ಹಾಕಬಾರದಿತ್ತೇ ಅಂತ ಬೇಜಾರಾಯಿತು.

ಹಾಡುವಾಗ ಶ್ರುತಿ ತೀರಾ ಇಳಿಸಬೇಡ, ಇಳಿಸಿದರೆ ಆ ಓಟ ಬರುವುದಿಲ್ಲ. ಮಾತು ನುಂಗಬೇಡ. ತಾಳಕ್ಕೆ ಒಂದು ಚರ್ಮವಾದ್ಯ ಸಿಕ್ಕರೆ ಸಾಕು. ಕೀಬೋರ್ಡ್‌ನವರು ನಡುವೆ ಏನೇನೋ ತುಂಬಿಸಲು ನೋಡುತ್ತಾರೆ, ಅವರಿಗೆ ಮೊದಲೇ ಹೇಳಿಬಿಡು.

ನಿನ್ನ
ಅಮ್ಮ