ಔಷಧಿ ಹೊಡೆಯುವ ಮನೆಗಳ ಮಕ್ಕಳ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು,

ನಮ್ಮ ಕೋಲಾರ ತಾಲ್ಲೂಕಿನಲ್ಲಿ ಟೊಮೆಟೊ ನಾಟಿಯಾದ ಮೇಲೆ ಕೊನೆಯ ಕಾಯಿ ಮಂಡಿಗೆ ಹೋಗುವವರೆಗೂ ಔಷಧಿ ಕ್ಯಾನಿಗೆ ಬಿಡುವಿರುವುದಿಲ್ಲ. ಬೆಳೆ ಉಳಿಸಿಕೊಳ್ಳುವ ಕಷ್ಟ ಗೊತ್ತಿರುವುದರಿಂದ ಔಷಧಿಯನ್ನೇ ಬಿಡಿ ಎಂದು ನಾವು ಕೇಳುತ್ತಿಲ್ಲ. ಅದು ಮಕ್ಕಳ ಮೈ ಸೇರಿ ಮುಂದೆ ಕ್ಯಾನ್ಸರ್‌ಗೆ ದಾರಿಯಾಗದಂತೆ ನೋಡಿಕೊಳ್ಳಿ ಎಂದು ಕೇಳುತ್ತಿದ್ದೇವೆ.

ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಉಸಿರಾಡುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ. ನೆಲದಲ್ಲಿ ಆಡಿದ ಕೈ ನೇರ ಬಾಯಿಗೆ ಹೋಗುತ್ತದೆ. ಬೆಳೆಯುವ ಮೈಯಲ್ಲಿ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುವುದರಿಂದ ಡಿಎನ್‌ಎಗೆ ಬಿದ್ದ ಪೆಟ್ಟು ಸರಿಹೋಗುವ ಮೊದಲೇ ಮುಂದಿನ ಕೋಶಗಳಿಗೆ ದಾಟಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2005ರ ಮಾರ್ಗಸೂಚಿಯ ಪ್ರಕಾರ, ಇಂಥ ಪೆಟ್ಟು ಕೊಡುವ ರಾಸಾಯನಿಕಗಳ ಕ್ಯಾನ್ಸರ್ ಅಪಾಯವನ್ನು 2 ವರ್ಷದೊಳಗಿನವರಿಗೆ 10 ಪಟ್ಟು, 2ರಿಂದ 16 ವರ್ಷದವರಿಗೆ 3 ಪಟ್ಟು ಹೆಚ್ಚಿಸಿ ಲೆಕ್ಕ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ 1960ರ ಆಸುಪಾಸು ತೆಗೆದಿಟ್ಟ ತಾಯಂದಿರ ರಕ್ತವನ್ನು ಪರೀಕ್ಷಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಡಿಡಿಟಿ ಎಂಬ ಕೀಟನಾಶಕ ಬಳಕೆಗೆ ಬಂದಾಗ 14 ವರ್ಷ ತುಂಬಿರದೆ, ರಕ್ತದಲ್ಲಿ ಡಿಡಿಟಿ ಹೆಚ್ಚಿದ್ದವರಲ್ಲಿ 50ರೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 5 ಪಟ್ಟು ಇತ್ತು. ಆ ವಯಸ್ಸು ದಾಟಿದ್ದವರಲ್ಲಿ ಈ ಹೆಚ್ಚಳ ಕಾಣಲಿಲ್ಲ.

ಒಮ್ಮೆ ವಾಸನೆ ಬಡಿದ ಮಾತ್ರಕ್ಕೆ ಕಾಯಿಲೆ ಬರುತ್ತದೆ ಎಂದು ಯಾರೂ ಹೆದರಬೇಕಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸೇರುವುದನ್ನು ತಪ್ಪಿಸುವುದು ಮುಖ್ಯ. ಮಕ್ಕಳಿಗೆ ತರಕಾರಿ ಕೊಡುವುದನ್ನಂತೂ ನಿಲ್ಲಿಸಬೇಡಿ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಕೊಡಿ.

ಡಬ್ಬಿಯ ಮೇಲಿನ ತ್ರಿಕೋನದ ಬಗ್ಗೆ ಒಂದು ಮಾತು. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಔಷಧಿ ಮೈಗೆ ಹೋದರೆ ತಕ್ಷಣ ಎಷ್ಟು ವಿಷ ಎಂಬುದನ್ನಷ್ಟೇ ಹೇಳುತ್ತವೆ. ಮುಂದೆ ಕ್ಯಾನ್ಸರ್ ತರಬಲ್ಲದೇ ಎಂಬುದು ಆ ಬಣ್ಣದಲ್ಲಿಲ್ಲ. ಹಸಿರು ಇದೆ ಎಂದು ಮಕ್ಕಳ ಕೈಗೆ ಕೊಟ್ಟು ಕಲಸಲು ಹೇಳಬೇಡಿ.

ತೋಟಕ್ಕಿಂತ ಹೆಚ್ಚಾಗಿ ನಾವು ಯೋಚಿಸಬೇಕಾದದ್ದು ಬಟ್ಟೆಯ ವಿಷಯ. ಔಷಧಿ ಹೊಡೆದ ಅಂಗಿಯಲ್ಲೇ ಮಗುವನ್ನು ಎತ್ತಿಕೊಂಡರೆ ತೋಳು, ಎದೆಯ ಮೇಲಿನ ಹನಿಗಳು ಮಗುವಿನ ಕೆನ್ನೆಗೇ ಹತ್ತುತ್ತವೆ. ಹೊರಗಡೆಯೇ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿದ ಮೇಲೆ ಒಳಗೆ ಬನ್ನಿ. ಆ ಬಟ್ಟೆಗೇ ಒಂದು ಬಕೆಟ್ ಮೀಸಲಿಡಿ. ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪಿನ ಪುಡಿಯಲ್ಲಿ ಒಗೆದು ಬಿಸಿಲಿಗೆ ಹಾಕಿ. ಮಕ್ಕಳ ಯೂನಿಫಾರ್ಮ್ ಜೊತೆ ನೆನೆಹಾಕಿದರೆ ಒಂದರದ್ದು ಇನ್ನೊಂದಕ್ಕೆ ಅಂಟುತ್ತದೆ. ಗರ್ಭಿಣಿಯರು ಈ ಬಟ್ಟೆ ಮುಟ್ಟದಿರಲಿ, ಹೊಟ್ಟೆಯಲ್ಲಿರುವ ಮಗುವಿಗೂ ಕೆಲವು ರಾಸಾಯನಿಕಗಳು ತಲುಪುತ್ತವೆ.

ಡಬ್ಬಿ ಖಾಲಿಯಾದ ಕೂಡಲೇ ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ, ಅರ್ಧ ನಿಮಿಷ ಕುಲುಕಿ ಆ ನೀರನ್ನು ಸ್ಪ್ರೇಯರ್ ಕ್ಯಾನಿಗೇ ಸುರಿಯಿರಿ. ಹೀಗೆ 3 ಸಲ ಮಾಡಿ. ತಡಮಾಡಿದರೆ ಒಳಗೋಡೆಗೆ ಒಣಗಿ ಹಿಡಿಯುತ್ತದೆ, ತೊಳೆದರೂ ಬಿಡುವುದಿಲ್ಲ. ಆಮೇಲೆ ತೂತು ಮಾಡಿ, ಮತ್ತೆ ಯಾವುದಕ್ಕೂ ಬಳಸಬೇಡಿ. ಕೆರೆ, ಕುಂಟೆಯಲ್ಲಿ ತೊಳೆಯಲೇಬೇಡಿ.

ಬೆಳೆ ಮುಗಿದ ಮೇಲೆ ಹರಿದ ಮಲ್ಚಿಂಗ್ ಪೇಪರ್, ಹಳೇ ಪೈಪುಗಳನ್ನು ಬದುವಿನಲ್ಲೇ ಸುಡುವುದುಂಟು. ಪ್ಲಾಸ್ಟಿಕ್ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ವಿಷಗಳು ಇರುತ್ತವೆ. ಪಿವಿಸಿ ಪೈಪು ಸೇರಿದರೆ ಡಯಾಕ್ಸಿನ್ ಎಂಬ ವಿಷಗಳೂ ಹುಟ್ಟುತ್ತವೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಪಟ್ಟಿಯಲ್ಲಿ ಬೆಂಜೊಪೈರೀನ್ ಮತ್ತು ಡಯಾಕ್ಸಿನ್‌ಗಳಲ್ಲಿ ಅತಿ ವಿಷದ್ದು ಎರಡೂ ಇವೆ. ಮಣ್ಣು ಕೊಡವಿ, ಸುರುಳಿ ಸುತ್ತಿ ಗುಜರಿಗೆ ಕೊಡಿ.

ಬೀಡಿ, ಸಿಗರೇಟಿನ ಹೊಗೆಯೂ ಅದೇ ಪಟ್ಟಿಯಲ್ಲಿದೆ. ಮನೆಯೊಳಗೆ ಬೇಡ.

ಬೋರ್‌ವೆಲ್ ನೀರು ಕುದಿಸಿದರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆದರೆ ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಗಾಢವಾಗುತ್ತವೆ. ನಮ್ಮ ಕಡೆಯ ಫ್ಲೋರೈಡ್ ಹಾಳುಮಾಡುವುದು ಹಲ್ಲು, ಮೂಳೆಯನ್ನು. ಅದನ್ನು ಕ್ಯಾನ್ಸರ್ ಜೊತೆ ಬೆರೆಸುವುದು ಬೇಡ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ರಜೆಯಲ್ಲಿ ಮಕ್ಕಳನ್ನು ಔಷಧಿ ಹೊಡೆಯುವ ಕೆಲಸಕ್ಕೆ ಕರೆದೊಯ್ಯಬೇಡಿ. ಶಾಲೆಯ ಕಾಂಪೌಂಡಿಗೆ ಹೊಂದಿಕೊಂಡ ತೋಟದವರು ಶಾಲೆ ಬಿಟ್ಟ ಮೇಲೆ ಔಷಧಿ ಹೊಡೆಯಬೇಕಾಗಿ ವಿನಂತಿ. ಅದಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಅಂದು ಪ್ರಾರ್ಥನೆಯನ್ನು ಒಳಗೇ ಮಾಡಿಸಿ, ಆ ಬದಿಯ ಕಿಟಕಿ ಮುಚ್ಚಿಸಿ, ಬಿಸಿಯೂಟವನ್ನು ಕೊಠಡಿಯಲ್ಲೇ ಬಡಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕರು