ರೊಟ್ಟಿ ಬಿಟ್ಟವ್ರು ಗುಳಿಗಿ ಡೋಸೂ ನೋಡ್ಕೋರಿ

ಸಂಪಾದಕರಿಗೆ ನಮಸ್ಕಾರ,

ದಿನಾ ಮುಂಜಾನೆ ಅಪ್ಪನ ಕೆರೆ ದಂಡಿಗಿ ವಾಕಿಂಗ್ ಮಾಡ್ತೀನ್ರಿ, ಶುಗರ್ ಅದ ಅಂತ ಜೋಳದ ರೊಟ್ಟಿ, ಅನ್ನ ಎರಡೂ ಬಿಟ್ಟು ಬರೀ ಪಲ್ಯ, ತತ್ತಿ, ಶೇಂಗಾ ತಿಂತಿದ್ದೆ, ಆದ್ರ ಶುಗರ್ ಇಳಿಸೋ ಗ್ಲಿಮೆಪಿರೈಡ್ ಗುಳಿಗಿ ಮಾತ್ರ ಹಿಂದಿನಷ್ಟೇ ನುಂಗ್ತಿದ್ದೆ. ಹೋದ ವಾರ ನಡೀತಾ ನಡೀತಾ ಕೈ ನಡುಗಿ, ಅಂಗಿ ಬೆವರಿಲೇ ತೊಯ್ದು, ಕಣ್ಣಿಗಿ ಕತ್ತಲಿ ಬಂತು. ಗೆಳೆಯ ಮೀಟರ್ ಹಚ್ಚಿ ನೋಡಿದ್ರ ಶುಗರ್ ಬರೀ 58! 70ರ ಕೆಳಗ ಇಳಿಬಾರದು. ಮೂರು ಚಮಚ ಸಕ್ಕರಿ ನೀರಾಗ ಕಲಸಿ ಕುಡಿದು 15 ನಿಮಿಷ ಕುಂತ ಮ್ಯಾಲ ಸುಧಾರಿಸ್ತು. ಆ ಹೊತ್ತಿನಾಗ ಶೇಂಗಾ ತಿಂದ್ರ ಶುಗರ್ ಲಗೂನ ಏರಂಗಿಲ್ರಿ.

ಊಟ ಕಡಿಮಿ ಮಾಡೋರು ಮೊದ್ಲು ಡಾಕ್ಟರಿಗಿ ಹೇಳಿ ಗುಳಿಗಿ, ಇನ್ಸುಲಿನ್ ಡೋಸ್ ಸರಿ ಮಾಡಿಸ್ಕೋರಿ, ಕಿಸೆದಾಗ ಗ್ಲೂಕೋಸ್ ಪುಡಿ ಇಟ್ಕೋರಿ. ಪಾಲಿಕೆಯವ್ರು ಕೆರೆ ಹತ್ರ ವಾರಕ್ಕೊಮ್ಮೆ ಶುಗರ್ ತಪಾಸಣಿ ಇಡಬೇಕು.

ಒಬ್ಬ ಓದುಗ, ಕಲಬುರಗಿ